ಎಡ ಮಂಡಿಯ ಬದಲು ಬಲಕ್ಕೆ ಆಪರೇಷನ್ ಆಗದ ಹಾಗೆ ಆಸ್ಪತ್ರೆಯಲ್ಲಿ ಹೇಗೆ ನೋಡಿಕೊಳ್ಳುತ್ತಾರೆ?

ನಿಮ್ಮ ಅತ್ತೆಗೆ ಮುಂದಿನ ವಾರ ಪುಣೆಯಲ್ಲಿ ಎಡ ಮಂಡಿ ಬದಲಿಸುವ ಆಪರೇಷನ್ ಇದೆ, ಗಡಿಬಿಡಿಯಲ್ಲಿ ಬಲಗಾಲಿಗೆ ಮಾಡಿಬಿಟ್ಟರೆ ಏನು ಗತಿ, ಡಾಕ್ಟರನ್ನು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಕೇಳಿ. ನಾನು ಧಾರವಾಡದ ಕಡೆಯವಳು, ಪುಣೆಯಲ್ಲಿ 17 ವರ್ಷದಿಂದ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್. ಇಂಥ ತಪ್ಪು ಬಹಳ ಅಪರೂಪ, ಆದರೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. 1995ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ರೋಗಿಗೆ ತೆಗೆಯಬೇಕಾದ ಕಾಲು ಬಿಟ್ಟು ಇನ್ನೊಂದು ಕಾಲನ್ನೇ ತೆಗೆದಿದ್ದರು.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಆಗ ನಾನು ಬೇರೊಂದು ಆಸ್ಪತ್ರೆಯಲ್ಲಿದ್ದೆ. ಜಮಖಂಡಿ ಕಡೆಯ ಒಬ್ಬ ಅಜ್ಜಿ. ಮಗನಿಗೆ ಚಿಂಚವಡದಲ್ಲಿ ಕಾರ್ಖಾನೆ ಕೆಲಸ. ಎಷ್ಟೋ ವರ್ಷದಿಂದ ಇಲ್ಲೇ ಇದ್ದವರು, ಮರಾಠಿ ಚೆನ್ನಾಗಿ ಬರುತ್ತಿತ್ತು, ಹಿಂದಿ ಅಷ್ಟಕ್ಕಷ್ಟೆ. ಎರಡೂ ಮಂಡಿ ಸವೆದಿದ್ದವು, ಮೊದಲು ಎಡಗಾಲಿಗೆ ಮಾಡುವುದು ಅಂತ ತೀರ್ಮಾನವಾಗಿತ್ತು. ಓಟಿ ಲಿಸ್ಟಿನಲ್ಲಿ ಮಾತ್ರ ಬರೀ ಮಂಡಿ ಆಪರೇಷನ್ ಅಂತಿತ್ತು, ಯಾವ ಕಡೆ ಅಂತ ಬರೆದಿರಲಿಲ್ಲ. ಹಿಂದಿನ ರಾತ್ರಿ ವಾರ್ಡಿಗೆ ಬಂದ ಜೂನಿಯರ್ ಡಾಕ್ಟರ್ ಉತ್ತರದ ಕಡೆಯವರು. "ದಾಯಾ ಪೈರ್ ನಾ, ಮಾಜಿ?" ಅಂತ ಕೇಳಿದ್ದಾರೆ. ಹಿಂದಿಯಲ್ಲಿ ದಾಯಾ ಅಂದರೆ ಬಲ. ಮರಾಠಿಯಲ್ಲಿ ಡಾವಾ ಅಂದರೆ ಎಡ. ಅಜ್ಜಿಯ ಕಿವಿಗೆ ಅದು ಡಾವಾ ಅಂತಲೇ ಬಿದ್ದಿದೆ. "ಹೋ" ಅಂದಿದ್ದಾರೆ, ಅಂದರೆ ಹೌದು ಅಂತ. ಡಾಕ್ಟರ್ ಬಲ ಮಂಡಿಯ ಮೇಲೆ ಬಾಣದ ಗುರುತು ಹಾಕಿ ಹೋಗಿದ್ದಾರೆ.

ಬೆಳಿಗ್ಗೆ ಅಜ್ಜಿಯನ್ನು ಸ್ಟ್ರೆಚರ್ ಮೇಲೆ ತಂದಾಗ ನಾನು ಅವರ ಮಾತಿನಲ್ಲೇ ಕೇಳಿದೆ. "ಅವ್ವಾ, ಯಾವ ಕಾಲಿಗೆ ಆಪರೇಷನ್? ಕೈ ಇಟ್ಟು ತೋರಸ್ರಿ." ಅವರು ಹೊದಿಕೆ ಸರಿಸಿ ಎಡ ಮಂಡಿ ಮೇಲೆ ಅಂಗೈ ಇಟ್ಟು, "ಇದಕ್ಕ ನೋಡವಾ" ಅಂದರು. ಬಾಣ ಇದ್ದದ್ದು ಪಕ್ಕದ ಮಂಡಿ ಮೇಲೆ. ಎರಡೂ ಒಂದೇ ಥರ ಊದಿಕೊಂಡಿದ್ದವು, ನೋಡಿ ಹೇಳೋಕೆ ಯಾರಿಗೂ ಸಾಧ್ಯ ಇರಲಿಲ್ಲ. ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ತೆಗೆದೆ, ಎಡ ಅಂತಿತ್ತು. ಎಲ್ಲಾ ನಿಲ್ಲಿಸಿ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಬಂದು ಅಜ್ಜಿ ಪಕ್ಕ ನಿಂತು, ನನ್ನ ಮೂಲಕ ಮತ್ತೆ ಕೇಳಿ, ಎಕ್ಸ್‌ರೇ ನೋಡಿ, ಆ ಬಾಣವನ್ನು ಸ್ಪಿರಿಟ್ ಹಾಕಿ ತಾವೇ ಉಜ್ಜಿ ಉಜ್ಜಿ ಅಳಿಸಿದರು. ಆಮೇಲೆ ಎಡ ಮಂಡಿಯ ಮೇಲೆ ತಮ್ಮ ಸಹಿ ಹಾಕಿದರು. ಆ ಜೂನಿಯರ್ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಅವನು ಸೋಮಾರಿ ಅಲ್ಲ, ಕೇಳಿಯೇ ಹಾಕಿದ್ದ. ಕೇಳಿದ ರೀತಿ ತಪ್ಪಾಗಿತ್ತು.

ಅದಕ್ಕೇ ಅತ್ತೆಗೆ ಇದೊಂದು ಮಾತು ಹೇಳಿಕೊಡಿ. ಯಾರಾದರೂ ಬಂದು "ಎಡಗಾಲು ಅಲ್ವಾ?" ಅಂದರೆ ಬರೀ ಹೂಂ ಅನ್ನಬಾರದು. ತಮ್ಮ ಹೆಸರು, ಏನು ಆಪರೇಷನ್, ಯಾವ ಕಾಲು ಅಂತ ತಾವೇ ಬಾಯಿಬಿಟ್ಟು ಹೇಳಿ, ಕಾಲನ್ನು ಮುಟ್ಟಿ ತೋರಿಸಬೇಕು. ಹತ್ತು ಜನ ಕೇಳಿದರೂ ಹತ್ತು ಸಲ ಹೇಳಬೇಕು. ಇವರಿಗೇ ಗೊತ್ತಿಲ್ಲವಲ್ಲ ಅಂತ ಗಾಬರಿ ಬೇಡ, ಗೊತ್ತಿದ್ದೂ ಕೇಳುವುದೇ ನಮ್ಮ ನಿಯಮ.

ಗುರುತಿನ ವಿಷಯ. ಆಪರೇಷನ್ ಮಾಡುವ ಡಾಕ್ಟರೇ, ಅತ್ತೆ ಎಚ್ಚರ ಇರುವಾಗ, ಮಂಪರಿನ ಔಷಧ ಕೊಡುವ ಮೊದಲು ಹಾಕಬೇಕು. ಪರ್ಮನೆಂಟ್ ಮಾರ್ಕರ್ ಬೇಕು, ಬಾಲ್‌ಪೆನ್ ಗೀಟು ಬೆಟಾಡಿನ್ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಹಸಿರು ಬಟ್ಟೆ ಹೊದಿಸಿದ ಮೇಲೂ ಕಾಣುವ ಜಾಗದಲ್ಲಿರಬೇಕು. ಬಾಣ ಅಥವಾ ಸಹಿ ಸರಿ. ಇಂಟು ಗುರುತು ಬೇಡ, ಇಲ್ಲಿ ಕೊಯ್ಯಿ ಅಂತಲೂ ಓದಬಹುದು, ಇಲ್ಲಿ ಬೇಡ ಅಂತಲೂ ಓದಬಹುದು. ನೀವು ಮನೆಯಲ್ಲಿ ಇನ್ನೊಂದು ಕಾಲಿನ ಮೇಲೆ 'ಇದಲ್ಲ' ಅಂತೆಲ್ಲ ಬರೆಯಲು ಹೋಗಬೇಡಿ. ಒಳ್ಳೆ ಮನಸ್ಸಿನಿಂದ ಬರೆದರೂ ಗೊಂದಲ ಜಾಸ್ತಿ ಆಗುತ್ತದೆ.

ಓಟಿ ಒಳಗೆ ಮೂರು ಸಲ ನಿಲ್ಲುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಚೆಕ್‌ಲಿಸ್ಟ್ ಹೊರತಂದಿತು, ಅದರ ಪ್ರಕಾರ. ಅನಸ್ತೇಶಿಯಾ ಕೊಡುವ ಮುಂಚೆ ಸೈನ್ ಇನ್, ಚರ್ಮಕ್ಕೆ ಬ್ಲೇಡ್ ತಾಗಿಸುವ ಮುಂಚೆ ಟೈಮ್ ಔಟ್, ರೋಗಿ ಓಟಿಯಿಂದ ಹೊರಡುವ ಮುಂಚೆ ಸೈನ್ ಔಟ್. ಟೈಮ್ ಔಟ್‌ನಲ್ಲಿ ಎಲ್ಲರ ಕೈಯೂ ನಿಲ್ಲಬೇಕು. ಸರ್ಜನ್, ಅನಸ್ತೇಶಿಯಾ ಡಾಕ್ಟರ್, ನಾವು, ಎಲ್ಲರೂ ಹೆಸರು, ಆಪರೇಷನ್, ಯಾವ ಕಡೆ ಅನ್ನುವುದನ್ನು ಜೋರಾಗಿ ಹೇಳಿ ಒಪ್ಪಬೇಕು. ಅದು ಮುಗಿಯುವವರೆಗೆ ನಾನು ಬ್ಲೇಡ್ ಕೊಡುವುದಿಲ್ಲ. ಎಷ್ಟೇ ದೊಡ್ಡ ಸರ್ಜನ್ ಕೈ ಚಾಚಿದರೂ ಕೊಡುವುದಿಲ್ಲ. ಮಂಡಿ ಆಪರೇಷನ್‌ನಲ್ಲಿ ಇನ್ನೊಂದು ಸಲವೂ ನಿಲ್ಲುತ್ತೇವೆ. ತೊಡೆಮೂಳೆಯ ತುದಿಗೆ ಕೂರಿಸುವ ಕೃತಕ ಭಾಗ ಸಾಮಾನ್ಯವಾಗಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬರುತ್ತದೆ. ಹಾಗಾಗಿ ಡಬ್ಬಿ ಒಡೆಯುವ ಮೊದಲು ಅದರ ಮೇಲಿನ ಚೀಟಿ ಓದಿ ಹೇಳುತ್ತೇವೆ.

ಆ ಚೆಕ್‌ಲಿಸ್ಟನ್ನು ದಿಲ್ಲಿಯೂ ಸೇರಿ 8 ನಗರಗಳಲ್ಲಿ ಪರೀಕ್ಷೆ ಮಾಡಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು, 2009ರಲ್ಲಿ ವರದಿ ಬಂತು. ಆದರೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಫಾರ್ಮ್ ತುಂಬುವುದು ಬೇರೆ, ನಿಂತು ಕೇಳುವುದು ಬೇರೆ. ರೋಗಿ ಬರುವ ಮೊದಲೇ ಮೂರೂ ಕಾಲಂಗೆ ಟಿಕ್ ಹಾಕಿಟ್ಟ ಹಾಳೆಗಳನ್ನು ನಾನು ನೋಡಿದ್ದೇನೆ. ನೋಡಿದರೆ ಮೈ ಉರಿಯುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಷ್ಟೋ ಕಡೆ ಸ್ಪೈನಲ್ (ಬೆನ್ನಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್) ಜೊತೆಗೆ ನೋವು ತಡೆಯಲು ಆಪರೇಷನ್ ಆಗುವ ಕಾಲಿನ ತೊಡೆಗೆ ಬ್ಲಾಕ್ ಇಂಜೆಕ್ಷನ್ ಕೊಡುತ್ತಾರೆ. ಅದು ಟೈಮ್ ಔಟ್‌ಗಿಂತ ಮುಂಚೆಯೇ ಆಗಬಹುದು. ಆಗಲೂ ಯಾವ ಕಾಲು ಅಂತ ಬೇರೆಯಾಗಿ ನೋಡಬೇಕು. ಹಿಂದಿನ ದಿನ ಅನಸ್ತೇಶಿಯಾ ಡಾಕ್ಟರ್ ಬಂದಾಗ ಇದನ್ನು ಕೇಳಿ.

ಅತ್ತೆಗೆ ಕಿವಿ ಮಂದವಾ? ಮಷೀನ್ ಇದ್ದರೆ ಓಟಿಗೆ ಕಳಿಸುವಾಗ ವಾರ್ಡಿನಲ್ಲೇ ಬಿಚ್ಚಿಸಿಬಿಡುತ್ತಾರೆ, ಕನ್ನಡಕವನ್ನೂ ತೆಗೆಸುತ್ತಾರೆ. ಆಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡ ನಾವು ಬೇರೆ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ಪಾಪ ಅವರು ತಲೆ ಆಡಿಸುತ್ತಾರೆ. ಕೊನೆಯ ಪ್ರಶ್ನೆ ಮುಗಿಯುವವರೆಗೆ ಮಷೀನ್ ಕಿವಿಯಲ್ಲೇ ಇರಲಿ ಅಂತ ಸಿಸ್ಟರಿಗೆ ಹೇಳಿ. ಹಳೆಯ ಎಕ್ಸ್‌ರೇ ಎಲ್ಲಾ ತನ್ನಿ. ಕನ್ಸೆಂಟ್ ಫಾರ್ಮಿನಲ್ಲಿ ಎಡ ಅನ್ನುವುದು ಪೂರ್ತಿ ಅಕ್ಷರದಲ್ಲಿ ಇದೆಯಾ ನೋಡಿಯೇ ಸಹಿ ಮಾಡಿ. ಮತ್ತೆ, ಕನ್ನಡ ಬಲ್ಲವರು ಒಬ್ಬರು ಓಟಿ ಬಾಗಿಲವರೆಗೆ ಅತ್ತೆ ಜೊತೆ ಬರುತ್ತೇವೆ ಅಂತ ಹಿಂದಿನ ದಿನವೇ ವಾರ್ಡಿನಲ್ಲಿ ಕೇಳಿಡಿ. ಬೆಳಿಗ್ಗೆ 7 ಗಂಟೆಯ ಗಲಾಟೆಯಲ್ಲಿ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.