ಅಂಗಡಿಯಲ್ಲಿ ನಿಂತು ಪುಸ್ತಕ ಆರಿಸುವುದು ಹೇಗೆ?

ನಿಮ್ಮ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಹೆಸರೇ ಕೇಳದ ಲೇಖಕರ ಪುಸ್ತಕ ಕೈಗೆ ಸಿಕ್ಕಾಗ ಕೊಳ್ಳಬೇಕೋ ಬೇಡವೋ ಅಂತ ಹೇಗೆ ತೀರ್ಮಾನ ಮಾಡುತ್ತೀರಿ, ಅರ್ಧಕ್ಕೆ ಬಿಟ್ಟರೆ ತಪ್ಪಾ, ಫೋನಿನಲ್ಲಿ ಓದುತ್ತೀರಾ ಅಂತ ಕೇಳಿದ್ದೀರಿ. ಬಹುಮಾನ ಬಂದಿದೆ, ಎಲ್ಲರೂ ಹೊಗಳಿದ್ದಾರೆ ಅಂತ ತಂದ ಪುಸ್ತಕಗಳು ಓದಿಸಿಕೊಳ್ಳದೆ ಕಪಾಟಿನಲ್ಲೇ ಕೂತಿವೆ ಅಂತಲೂ ಬರೆದಿದ್ದೀರಿ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಉಳಿದ ಎರಡಕ್ಕೆ ಹೇಳೋದು ಅಷ್ಟೇನಿಲ್ಲ.

ನನ್ನ ಮನೆ ಚಿತ್ರದುರ್ಗದಲ್ಲಿ. ಕೆಲಸ ದಾವಣಗೆರೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯೋದು. ನಡುವೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್, ಬಸ್ಸಿನಲ್ಲಿ ಓಡಾಟ. ಬೆಳಗ್ಗೆ ಸೀಟು ಸಿಗುತ್ತದೆ, ಓದುತ್ತೇನೆ. ಸಂಜೆ ಆ ಭಾಗ್ಯ ಇಲ್ಲ, ಆನಗೋಡು ದಾಟುವವರೆಗೂ ಕಂಬಿ ಹಿಡಿದು ನಿಂತಿರಬೇಕು. ಹಾಗಾಗಿ ಬಸ್ಸಿನ ಪುಸ್ತಕ ಬೇರೆ, ಮನೆಯ ಪುಸ್ತಕ ಬೇರೆ. ಭರಮಸಾಗರದಲ್ಲಿ ಪಕ್ಕದವರು ಇಳಿಯೋಕೆ ಎದ್ದರೆ ಮುಚ್ಚಿ, ಮತ್ತೆ ತೆರೆದರೂ ಎಳೆ ತಪ್ಪದಂಥ ಸಣ್ಣಕಥೆ, ಪ್ರಬಂಧ, ಆತ್ಮಕಥೆ ಬಸ್ಸಿಗೆ. ದಪ್ಪ ಕಾದಂಬರಿ, ಇತಿಹಾಸ ರಾತ್ರಿ ಊಟ ಆದಮೇಲೆ.

ಈಗ ಆರಿಸೋ ವಿಷಯ. ನಾನು ನೋಡುವುದು ಒಂದನ್ನೇ. ಬರೆದವರಿಗೆ ತಾವು ಬರೀತಿರೋ ವಿಷಯ ನಿಜವಾಗಿಯೂ ಗೊತ್ತಾ? ಅದನ್ನು ತಿಳಿಯೋಕೆ ಆ ಪುಸ್ತಕದಲ್ಲಿ ನನಗೆ ಗೊತ್ತಿರುವ ಜಾಗ ಎಲ್ಲಿದೆ ಅಂತ ಹುಡುಕುತ್ತೇನೆ. ಅಲ್ಲೇ ಓದುತ್ತೇನೆ.

ದುರ್ಗದವರಿಗೆ ಈ ಚಾಳಿ ಚಿಕ್ಕಂದಿನಲ್ಲೇ ಅಂಟಿಕೊಳ್ಳುತ್ತದೆ. ಕಾರಣ ತ.ರಾ.ಸು. ಪಾಳೆಯಗಾರರ ಮೇಲೆ ಅವರು ಬರೆದ ಕಾದಂಬರಿಗಳಲ್ಲಿ ಒಂದಾದರೂ ನಮ್ಮ ಕಡೆ ಓದುವವರ ಮನೆಯಲ್ಲಿ ಸಿಗುತ್ತದೆ, ರಟ್ಟು ಕಿತ್ತಿದ್ದಾದರೂ ಸರಿ. 'ದುರ್ಗಾಸ್ತಮಾನ'ವಂತೂ ಕೊನೆಯ ಮದಕರಿನಾಯಕನ ಕಥೆ, 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದರ ಕಥೆ. ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬರೆದವರೇ ಇರಲಿಲ್ಲ, 1984ರಲ್ಲಿ ತೀರಿಕೊಂಡಿದ್ದರು. ಬೇರೆ ಊರಿನ ಓದುಗರಿಗೆ ಅದು ಬರೀ ಕಾದಂಬರಿ. ನಮಗೆ ಹಾಗಲ್ಲ. ಶನಿವಾರ ರಾತ್ರಿ ಓದಿ ಭಾನುವಾರ ಬೆಳಗ್ಗೆ ಕೋಟೆ ಹತ್ತಿ ನೋಡಬಹುದು. ಈ ಬಾಗಿಲಿಂದ ಆ ಬತೇರಿ ಕಾಣುತ್ತಾ? ಇಷ್ಟು ಜನ ಇಲ್ಲಿ ನಿಲ್ಲೋಕಾಗುತ್ತಾ? ಹೀಗೆ ಬಂಡೆಯ ಪಕ್ಕ ಪುಸ್ತಕ ಇಟ್ಟು ನೋಡಿ ಅಭ್ಯಾಸ ಆದವರು ಆಮೇಲೆ ಯಾವ ಪುಸ್ತಕವನ್ನೂ ಸುಮ್ನೆ ನಂಬೋದಿಲ್ಲ.

ಎರಡು ಉದಾಹರಣೆ ಕೊಡುತ್ತೇನೆ. ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಸೈನಿಕರನ್ನು ಒನಕೆಯಲ್ಲಿ ಹೊಡೆದು ಹಾಕಿದವಳು. ಓದುವಾಗ, ಒಬ್ಬ ಹೆಂಗಸು ಒಂದು ದಂಡನ್ನೇ ತಡೆದಳಾ ಅಂತ ಅನುಮಾನ ಬರುವುದು ಸಹಜ. ಕಿಂಡಿಯ ಮುಂದೆ ಹೋಗಿ ನಿಲ್ಲಿ. ಒಂದು ಸಲಕ್ಕೆ ಒಬ್ಬರೇ ತೂರಬೇಕು, ಅದೂ ಬಗ್ಗಿಕೊಂಡು, ತಲೆ ಮುಂದೆ ಮಾಡಿ. ಹೊರಗಿನ ಬಿಸಿಲಿಂದ ಬಂದವನಿಗೆ ಒಳಗೇನಿದೆ ಅಂತ ಕಾಣಬೇಕಾದರೆ ಕಣ್ಣು ಹೊಂದಿಕೊಳ್ಳಬೇಕು. ಅಷ್ಟು ಹೊತ್ತು ಸಾಕಲ್ವಾ? ಈ ಕಿಂಡಿಯ ಅಳತೆ ಗೊತ್ತಿದ್ದು ಬರೆದವರು ಓಬವ್ವನ ಶೌರ್ಯವನ್ನು ಪುಟಗಟ್ಟಲೆ ಹೊಗಳಬೇಕಾಗಿಲ್ಲ. ಗೊತ್ತಿಲ್ಲದವರು ಮಾತ್ರ ವಿಶೇಷಣ ಸುರಿಯುತ್ತಾರೆ.

ಇನ್ನೊಂದು, ನೀರು. ಮುತ್ತಿಗೆಯಾಗಿ ನಾಲ್ಕು ದಿನಕ್ಕೇ ದುರ್ಗದ ಕೋಟೆಯಲ್ಲಿ ಕುಡಿಯೋ ನೀರಿಗೆ ಹಾಹಾಕಾರ ಅಂತ ಯಾರಾದರೂ ಬರೆದರೆ ಆ ಪುಸ್ತಕ ನಾನು ಕೆಳಗಿಡುತ್ತೇನೆ. ಮೇಲೆ ಗೋಪಾಲಸ್ವಾಮಿ ಹೊಂಡ ಇದೆ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಇಷ್ಟು ಜೋಪಾನ ಮಾಡಿದವರನ್ನು ನಾಲ್ಕು ದಿನಕ್ಕೆ ಬಾಯಾರಿಸಿ ಸಾಯಿಸೋದು ಲೇಖಕರ ಅನುಕೂಲಕ್ಕೆ, ಅಷ್ಟೇ.

ಕೋಟೆಯ ಪುಸ್ತಕಕ್ಕೆ ಸರಿ, ಬೇರೆಯದಕ್ಕೆ ಏನು ಮಾಡ್ತೀರಿ ಅಂತ ನೀವು ಕೇಳಬಹುದು. ಪ್ರತಿಯೊಬ್ಬರಿಗೂ ತಮಗೆ ಚೆನ್ನಾಗಿ ಗೊತ್ತಿರೋದು ಅಂತ ಏನಾದರೂ ಒಂದು ಇದ್ದೇ ಇರುತ್ತದೆ. ನನಗೆ ಮಂಡಿ ಗೊತ್ತು. ಒಂದು ಕಾದಂಬರಿಯಲ್ಲಿ ರೈತ ಮೆಕ್ಕೆಜೋಳ ಮಾರೋಕೆ ಬಂದಿದ್ದಾನೆ ಅನ್ನಿ. ಬಂದ, ಮಾರಿದ, ದುಡ್ಡು ಎಣಿಸಿ ಜೇಬಿಗಿಟ್ಟ ಅಂತ ಎರಡು ಸಾಲಿನಲ್ಲಿ ಮುಗಿಸಿದ್ದರೆ ನನಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ನಿಜವಾಗಿ ನಡೆಯೋದು ಬೇರೆ. ಖರೀದಿದಾರ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜುತ್ತಾನೆ, ಒಂದನ್ನು ಹಲ್ಲಿಗೆ ಹಾಕಿ ಕಡಿಯುತ್ತಾನೆ. ಕಟಕ್ ಅಂತ ಸದ್ದಾದರೆ ಒಣಗಿದೆ. ಮೆತ್ತಗೆ ಸಿಕ್ಕರೆ ಮೀಟರ್ ತರಿಸುತ್ತಾನೆ. ತೇವ ನೂರಕ್ಕೆ 14ರ ಮೇಲಿದ್ದರೆ ರೇಟು ಇಳಿಯಿತು ಅಂತಲೇ ಲೆಕ್ಕ. ರೈತ ಆಗ ಎದುರಿಗಿದ್ದವನ ಮುಖ ನೋಡೋದಿಲ್ಲ, ಅವನ ದವಡೆ ನೋಡುತ್ತಾನೆ. ಈ ದವಡೆಯ ಸಂಗತಿ ಬರೆದ ಲೇಖಕರು ಮುಂದೆ ಅದೇ ರೈತನ ಮಗಳ ಪ್ರೇಮದ ಬಗ್ಗೆ ಬರೆದರೂ ನಾನು ನಂಬುತ್ತೇನೆ.

ಪ್ರವಾಸದ ಪುಸ್ತಕಗಳಿಗೆ ನನ್ನ ಪರೀಕ್ಷೆ ಮಾರಿಕಣಿವೆ. ಅಂದರೆ ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿದ್ದು 2022ರಲ್ಲಿ. ನಮ್ಮ ಜಿಲ್ಲೆ ಎಂಥ ಬರದ ಸೀಮೆ ಅಂತ ಅರ್ಥ ಆಗೋಕೆ ಇಷ್ಟು ಸಾಕು. ಕರ್ನಾಟಕ ಸುತ್ತಿದ ಪುಸ್ತಕ ಸಿಕ್ಕರೆ ಮೊದಲು ಆ ಪುಟ ತೆಗೆಯುತ್ತೇನೆ. ನದಿಯ ಹೆಸರೇ ತಪ್ಪಿದ್ದರೆ ಕೊಡಗು, ಕಾರವಾರದ ಬಗ್ಗೆ ಅವರು ಹೇಳಿದ್ದನ್ನು ನಾನ್ಯಾಕೆ ನಂಬಲಿ?

ಗೊತ್ತಿರೋ ಜಾಗವೇ ಇಲ್ಲದ ಪುಸ್ತಕ ಆದರೆ ನಡುವೆ ತೆರೆದು, ಇಬ್ಬರು ಮಾತಾಡುವ ಕಡೆ ಓದುತ್ತೇನೆ. ಮೊದಲ ಪುಟ ಓದೋದಿಲ್ಲ. ಮಂಡಿಯಲ್ಲಿ ಚೀಲದ ಬಾಯಲ್ಲಿರೋ ಕಾಳು ನೋಡಿ ಯಾರೂ ರೇಟು ಹೇಳೋದಿಲ್ಲ, ನಡುವಿಗೆ ಚುಚ್ಚಿ ತೆಗೆಯುತ್ತಾರೆ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, ನೂರಾ ಮೂವತ್ತನೇ ಪುಟದ ಹೊತ್ತಿಗೆ ನಿಜವಾದ ಕೈ ಗೊತ್ತಾಗುತ್ತದೆ. ಅಲ್ಲಿ ಗೌಡರು, ಆಳು, ಶಾಲೆಗೆ ಹೋಗೋ ಹುಡುಗಿ ಮೂವರೂ ಒಂದೇ ಧಾಟಿಯಲ್ಲಿ ಮಾತಾಡಿದರೆ ಪುಸ್ತಕ ಮತ್ತೆ ಅದರ ಜಾಗಕ್ಕೆ. ಬೆನ್ನುಡಿ, ಮುನ್ನುಡಿಯನ್ನು ನಾನು ಪುಸ್ತಕ ಮುಗಿದ ಮೇಲೆ ಓದುತ್ತೇನೆ. ಆಗ ಮಜಾ ಬರುತ್ತದೆ, ಮುನ್ನುಡಿ ಬರೆದವರು ಎಷ್ಟು ಪುಟ ಓದಿದ್ದರು ಅಂತ ಊಹಿಸಬಹುದು.

ಬಹುಮಾನದ ಪುಸ್ತಕಗಳ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಅವನ್ನು ಮೊದಲು ಗ್ರಂಥಾಲಯದಿಂದ ತರುತ್ತೇನೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟೋ ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಸೆಸ್ ಹೋಗುತ್ತದೆ. ದುಡ್ಡು ಕೊಟ್ಟಾಗಿದೆ, ಉಪಯೋಗಿಸದೆ ಬಿಡೋದ್ಯಾಕೆ? ಓದಿ ಇಷ್ಟವಾದರೆ ಆಮೇಲೆ ಕೊಳ್ಳುತ್ತೇನೆ. ಸ್ಥಳೀಯ ಇತಿಹಾಸಕ್ಕೆ ಮಾತ್ರ ಈ ನಿಯಮ ಇಲ್ಲ, ಅದು ಕಂಡ ಕೂಡಲೇ ಕೊಂಡುಬಿಡಬೇಕು. ಅಂಥ ಪುಸ್ತಕಗಳ ಪ್ರತಿ ಅಚ್ಚಾಗೋದೇ ಕಡಿಮೆ, ಮುಗಿದರೆ ಮತ್ತೆ ಅಚ್ಚಾಗುವ ಭರವಸೆ ಇರೋದಿಲ್ಲ. 2009ರಲ್ಲಿ ಎಪ್ಪತ್ತೈದನೇ ಸಾಹಿತ್ಯ ಸಮ್ಮೇಳನ ನಮ್ಮ ದುರ್ಗದಲ್ಲೇ ಆಯ್ತು, ಎಲ್. ಬಸವರಾಜು ಅಧ್ಯಕ್ಷರು. ಭಾಷಣಕ್ಕಿಂತ ಪುಸ್ತಕದ ಮಳಿಗೆಯಲ್ಲೇ ನಾನು ಜಾಸ್ತಿ ಇದ್ದೆ. ಲೇಖಕರೇ ಸ್ವಂತ ದುಡ್ಡು ಹಾಕಿ ಅಚ್ಚು ಮಾಡಿಸಿದ ತೆಳುವಾದ ಪುಸ್ತಕಗಳು ಅಲ್ಲಿ ಸಿಕ್ಕಿದ್ದವು, ಊರ ದೇವರ ಜಾತ್ರೆ, ಕೆರೆ, ವೀರಗಲ್ಲು ಇಂಥದ್ದರ ಮೇಲೆ. ಆಮೇಲೆ ಅವನ್ನು ಯಾವ ಅಂಗಡಿಯಲ್ಲೂ ನೋಡಿಲ್ಲ.

ಯಾರ ಸಲಹೆ ಕೇಳಬೇಕು ಅನ್ನೋದೂ ಒಂದು ಲೆಕ್ಕಾಚಾರ. ನಮ್ಮ ದೊಡ್ಡಪ್ಪ ಒಳ್ಳೆಯ ಓದುಗರು, ಆದರೆ ಅವರ ರುಚಿಗೂ ನನ್ನ ರುಚಿಗೂ ಎಣ್ಣೆ ಸೀಗೇಕಾಯಿ. ಅವರು ಹೊಗಳಿದ್ದನ್ನು ನಾನು ಮುಟ್ಟೋದಿಲ್ಲ. "ಏನೋ ಇದು, ಮುನ್ನೂರು ಪುಟ ಓದಿದೆ, ಏನೂ ನಡೆಯೋದೇ ಇಲ್ಲವಲ್ಲೋ" ಅಂತ ಬೈದರೆ ಅವತ್ತೇ ಹೋಗಿ ಇಸ್ಕೊಂಡು ಬರುತ್ತೇನೆ. ಇದುವರೆಗೆ ಮೋಸ ಆಗಿಲ್ಲ.

ಅರ್ಧಕ್ಕೆ ಬಿಡೋದು: ತಪ್ಪಲ್ಲ. ನ್ಯಾನ್ಸಿ ಪರ್ಲ್ ಅನ್ನೋ ಅಮೆರಿಕದ ಗ್ರಂಥಪಾಲಕಿ ಒಂದು ನಿಯಮ ಹೇಳಿದ್ದಾರೆ. ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತೆಂಟರ ದೊಡ್ಡಪ್ಪನಿಗೆ 22 ಪುಟ ಬಂತು. ಹೇಳಿದೆ, ಖುಷಿಪಟ್ಟರು, ಪಾಲಿಸಲಿಲ್ಲ. ನಮ್ಮ ದೊಡ್ಡ ಕಾದಂಬರಿಗಳಿಗೆ ಐವತ್ತು ಪುಟ ಸಾಲೋದಿಲ್ಲ ಅಂತ ನನ್ನ ಅಭಿಪ್ರಾಯ. ಮನೆತನ, ಊರು, ಅಜ್ಜ ಮುತ್ತಜ್ಜರ ಪರಿಚಯಕ್ಕೇ ಅಷ್ಟು ಬೇಕು. ಅವಕ್ಕೆ ನೂರು ಕೊಡಿ. ಬಿಟ್ಟ ಪುಸ್ತಕವನ್ನು ಕಪಾಟಿನಲ್ಲಿ ಕೂರಿಸಬೇಡಿ. ಪ್ರತಿ ಪುಸ್ತಕಕ್ಕೂ ಅದರ ಓದುಗ ಅಂತ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿಟ್ಟಿದ್ದಾರೆ. ನಿಮಗೆ ಬೇಡದ್ದು ಬೇಕಾದವರ ಕೈಗೆ ಹೋಗಲಿ.

ಫೋನಿನಲ್ಲಿ ಕಾದಂಬರಿ ಓದೋಕೆ ನನ್ನಿಂದ ಆಗೋದಿಲ್ಲ. ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಮಂಡಿಯಿಂದ ಫೋನು ಬರುತ್ತದೆ, ಲಾರಿ ಬಂತಾ ಅಂತ. ಶಾಸನಗಳಿಗೆ ಮಾತ್ರ ಫೋನೇ ವಾಸಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನಮ್ಮ ಜಿಲ್ಲೆಯದು. ಅಂಥ ದಪ್ಪ ಹಳೇ ಪುಸ್ತಕ ಬಸ್ಸಿನಲ್ಲಿ ಹೊತ್ತು ತಿರುಗೋಕಾಗಲ್ಲ. ಫೋನಿನಲ್ಲಿ ಬೇಕಾದ ಊರಿನ ಪುಟ ತೆಗೆದು, ಅಕ್ಷರ ದೊಡ್ಡದು ಮಾಡಿಕೊಂಡು ನೋಡಬಹುದು.

ಇನ್ನು ನಿಮ್ಮ ಕಪಾಟು. ಅದರಲ್ಲಿರೋ ಪುಸ್ತಕಗಳ ಹೆಸರು ಬರೆದಿದ್ದೀರಿ, ನೀವು ಏನು ಕೆಲಸ ಮಾಡುತ್ತೀರಿ, ಯಾವ ಊರಿನವರು ಅಂತ ಬರೆದಿಲ್ಲ. ಅದನ್ನು ಹೇಳಿ. ಮೊದಲು ಯಾವುದನ್ನು, ಎಲ್ಲಿ ತೆರೆದು ನೋಡಬೇಕು ಅಂತ ಹೇಳುತ್ತೇನೆ.