ಸಿಬಿಟಿ ಶುರು ಮಾಡಿದರೆ ಲಿಥಿಯಂ ಬಿಡಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ಏರಿಳಿಯುವುದು) ಇದೆ. ಎರಡು ಸಲ ಮೇನಿಯಾ, ಅಂದರೆ ಆ ಅತಿ ಉತ್ಸಾಹದ ಹಂತ, ಬಂದಿತ್ತು. ಎರಡನೇ ಸಲ ಸಾಲ ಮಾಡಿ ಬೈಕ್ ಕೊಂಡ, ಇದ್ದ ಕೆಲಸವನ್ನೂ ಬಿಟ್ಟ. ಆರು ತಿಂಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದಾನೆ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಮಾಡಿಸಿಕೊಂಡರೆ ಮಾತ್ರೆ ಬೇಕಾಗಲ್ಲ ಅನ್ನುತ್ತಾನೆ. ನಿಜವೇ?

ಉತ್ತರ: ನಿಜವಲ್ಲ. ಬೈಪೋಲಾರ್‌ನಲ್ಲಿ ಸಿಬಿಟಿ ಮಾತ್ರೆಯ ಜೊತೆಗೆ ಕೊಡುವ ಚಿಕಿತ್ಸೆ. ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಮೇನಿಯಾ ಕೆಲವೇ ತಿಂಗಳಲ್ಲಿ ಮರುಕಳಿಸುವ ಅಪಾಯ ಹೆಚ್ಚು.

ಆದರೆ ಸಿಬಿಟಿ ಶುರು ಮಾಡಲು ಇದು ಒಳ್ಳೆಯ ಸಮಯ. ಮೇನಿಯಾ ಏರಿದಾಗ ಕೂತು ಕಲಿಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸಿಬಿಟಿಯಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಕಾಯಿಲೆ 12ಕ್ಕಿಂತ ಕಡಿಮೆ ಸಲ ಬಂದವರಿಗೆ ಮಾತ್ರ ಉಪಯೋಗವಾದಂತೆ ಕಂಡಿತು. ನಿಮ್ಮ ತಮ್ಮ ಆ ಗುಂಪಿನವರು.

ಸಾಮಾನ್ಯವಾಗಿ ವಾರಕ್ಕೊಂದರಂತೆ 16ರಿಂದ 20 ಭೇಟಿ ಬೇಕು. ಮೊದಲ ಕೆಲಸ ದಿನಚರಿ ಹಾಳೆ: ಮಲಗಿದ್ದು, ಎದ್ದಿದ್ದು, ಮಾತ್ರೆ, –5ರಿಂದ +5ರವರೆಗೆ ಮನಸ್ಥಿತಿಯ ಅಂಕ. ಇದರಲ್ಲಿ ನಿದ್ದೆಯ ಕಾಲಂ ಮೇಲೆ ಹೆಚ್ಚು ಕಣ್ಣಿಡಿ. ನಿದ್ದೆ ಬರದೆ ಮರುದಿನ ಸುಸ್ತಾಗುವುದು ಬೇರೆ; ನಾಲ್ಕು ತಾಸು ಮಲಗಿಯೂ ಲವಲವಿಕೆಯಿಂದ ಓಡಾಡುವುದು ಬೇರೆ. ಎರಡನೆಯದು ಸತತ ಎರಡು ರಾತ್ರಿ ಕಂಡರೆ ಮುಂದಿನ ಭೇಟಿವರೆಗೆ ಕಾಯದೆ ಮನೋವೈದ್ಯರಿಗೆ ಫೋನ್ ಮಾಡಿ.

ಖಿನ್ನತೆಯಲ್ಲಿ 'ನನ್ನಿಂದ ಏನೂ ಆಗಲ್ಲ' ಎಂಬ ಯೋಚನೆಯನ್ನು ಪುರಾವೆ ಹಿಡಿದು ಪರೀಕ್ಷಿಸಲು ರೋಗಿ ಒಪ್ಪುತ್ತಾರೆ. ಮೇನಿಯಾದ ಯೋಚನೆ ಸಿಹಿಯಾಗಿರುತ್ತದೆ, ಅದನ್ನು ಪ್ರಶ್ನಿಸಲು ಮನಸ್ಸೇ ಬರುವುದಿಲ್ಲ. ಹಾಗಾಗಿ ಬ್ರೇಕನ್ನು ಈಗಲೇ ಕೂರಿಸಬೇಕು. ದೊಡ್ಡ ಖರ್ಚಾಗಲಿ, ರಾಜೀನಾಮೆಯಾಗಲಿ, 48 ಗಂಟೆ ಮತ್ತು ಎರಡು ರಾತ್ರಿಯ ಪೂರ್ತಿ ನಿದ್ದೆ ಕಳೆದ ಮೇಲೆ, ತಾವೇ ಆರಿಸಿದ ಇಬ್ಬರನ್ನು ಕೇಳಿಯೇ ನಿರ್ಧಾರ. ಯುಪಿಐ ಮಿತಿ ತಗ್ಗಿಸಿ, ಕ್ರೆಡಿಟ್ ಕಾರ್ಡ್ ನಿಮ್ಮ ಕೈಗೆ ಕೊಡುವುದನ್ನೂ ಬರೆದಿಟ್ಟು ಸಹಿ ಹಾಕಲಿ.

ಎಡವುವುದು ಎರಡು ಕಡೆ. ಖಿನ್ನತೆಯಿಂದ ಏಳುವಾಗ ಕಳೆದುಹೋದ ತಿಂಗಳುಗಳನ್ನೆಲ್ಲ ಒಂದೇ ವಾರದಲ್ಲಿ ತುಂಬಿಕೊಳ್ಳಲು ಹೊರಟು ನಿದ್ದೆ ಕೆಡಿಸಿಕೊಳ್ಳುತ್ತಾರೆ. ಅಲ್ಲಿಂದ ಮೇನಿಯಾಗೆ ದಾರಿ. ಇನ್ನೊಂದು ಮನೆಯವರದ್ದು: ಸ್ವಲ್ಪ ಜೋರಾಗಿ ನಕ್ಕರೂ 'ಮಾತ್ರೆ ತಗೊಂಡ್ಯಾ?' ಎಂದು ಕೇಳುವುದು. ಲಕ್ಷಣಗಳ ಪಟ್ಟಿಯನ್ನು ಅವರೇ ಬರೆಯಲಿ, ಅದರಲ್ಲಿ ಇದ್ದುದಕ್ಕೆ ಮಾತ್ರ ನೀವು ಬಾಯಿ ಹಾಕಿ.

ಲಿಥಿಯಂ ರಕ್ತಪರೀಕ್ಷೆಗೆ ಹಿಂದಿನ ಡೋಸ್ ತೆಗೆದುಕೊಂಡು 12 ಗಂಟೆ ಆಗಿರಬೇಕು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೇಳದೆ ನುಂಗಬಾರದು, ಅವು ಲಿಥಿಯಂ ಮಟ್ಟ ಏರಿಸುತ್ತವೆ. ವಾಂತಿಭೇದಿ, ಜೋರು ಕೈನಡುಕ, ತೂರಾಟ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸಿಬಿಟಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ, ಬೈಪೋಲಾರ್ ರೋಗಿಗಳನ್ನು ನೋಡಿ ಅನುಭವವಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಸಾಯುವ ಮಾತೇನಾದರೂ ಬಂದರೆ ನಿಮ್ಮ ತಮ್ಮನನ್ನು ಒಬ್ಬರೇ ಬಿಡದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲ ಭೇಟಿಗೆ ನೀವೂ ಜೊತೆಗೆ ಹೋಗಿ: ಹಿಂದಿನ ಎರಡು ಸಲವೂ ಮೊದಲು ಬದಲಾದದ್ದು ಏನು ಎಂಬುದು ಅವರಿಗಿಂತ ನಿಮಗೇ ಚೆನ್ನಾಗಿ ನೆನಪಿರುವ ಸಂಭವವಿದೆ.