ಪೆಟ್ಟಿಗೆ ಒಂದು ಪೆಟ್ಟಿಗೆ

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರದಲ್ಲಿ ಮುಖ್ಯವಾದದ್ದು ಇಷ್ಟು:

"ನನ್ನ ಮಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು. ಭಿನ್ನರಾಶಿ ಲೆಕ್ಕ ತಪ್ಪಿದ್ದಕ್ಕೆ ಮೇಷ್ಟ್ರು ಸ್ಕೇಲಿನ ಅಂಚಿನಿಂದ ಗೆಣ್ಣಿನ ಮೇಲೆ ಹೊಡೆದರು. ಬೆರಳು ಊದಿಕೊಂಡು ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ. ಕೇಳಲು ಹೋದರೆ ಹೆಡ್‌ಮಾಸ್ಟರು, 'ನಾವೂ ಏಟು ತಿಂದೇ ಬೆಳೆದವರಲ್ವಾ ತಾಯಿ' ಅಂದರು. ಶಾಲೆಗೆ ಕಾಂಪೌಂಡ್ ಆಗಿದೆ, ದಾನಿಗಳು ಕ್ಯಾಮೆರಾ ಕೊಟ್ಟಿದ್ದಾರೆ, ಸಲಹಾ ಪೆಟ್ಟಿಗೆ ಇದೆ, ಕಾನೂನೂ ಇದೆಯಂತೆ. ಏಟು ಬಿದ್ದಾಗ ಇವೆಲ್ಲ ಎಲ್ಲಿದ್ದವು? ದೂರು ಕೊಟ್ಟರೆ ಮಗನಿಗೇ ತೊಂದರೆ ಅಂತ ಅಕ್ಕಪಕ್ಕದವರು ಹೆದರಿಸುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನನ್ನ ಬಲಗೈ ಗೆಣ್ಣು ನೋಡಿಕೊಂಡೆ. ನಮ್ಮ ಕಾಲದಲ್ಲಿ ಅದು ಮರದ ರೂಲು ದೊಣ್ಣೆ. ಅಂಗೈ ಮೇಲಿನ ಏಟು ಎಲ್ಲರಿಗೂ, ಗೆಣ್ಣಿನ ಮೇಲಿನದು ಮೇಷ್ಟ್ರಿಗೆ ಜಾಸ್ತಿ ಸಿಟ್ಟು ಬಂದಾಗ. ಶಾಲೆಗೆ ಸೇರಿಸಿದ ದಿನ ನಮ್ಮಪ್ಪ ಹೇಳಿದ್ದು ಇನ್ನೂ ನೆನಪಿದೆ: "ಎರಡು ಕಣ್ಣು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮೇಷ್ಟ್ರೇ." ಅಪ್ಪ ಕೆಟ್ಟವರಲ್ಲ. ಆಗ ಎಲ್ಲ ಅಪ್ಪಂದಿರೂ ಹಾಗೇ ಹೇಳುತ್ತಿದ್ದರು. ನಾನು ಏಟು ತಿಂದು ಬೆಳೆದೆ ಅನ್ನುವುದು ನಿಜ. ಏಟು ತಿಂದಿದ್ದಕ್ಕೇ ಬೆಳೆದೆ ಅನ್ನುವುದು ಸುಳ್ಳು. ಆ ಕ್ಲಾಸಿನಲ್ಲಿ ನನಗಿಂತ ಜಾಸ್ತಿ ಏಟು ತಿಂದ ಇಬ್ಬರು ಆ ವರ್ಷವೇ ಶಾಲೆ ಬಿಟ್ಟರು. 'ನಾವೂ ತಿಂದು ಬೆಳೆದವರು' ಅನ್ನುವವರ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ.

ಕಾನೂನು ಇದೆಯಂತೆ ಅಂದಿದ್ದೀರಿ. 'ಅಂತೆ' ಬೇಡ, ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಕಲಂ ಪ್ರಕಾರ ಯಾವ ಮಗುವಿಗೂ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಮಾಡುವಂತಿಲ್ಲ. ಅಂದರೆ ಸ್ಕೇಲ್ ಏಟಷ್ಟೇ ಅಲ್ಲ, 'ಎಮ್ಮೆ ಕಾಯೋಕೆ ಹೋಗು' ಅಂತ ಎಲ್ಲರೆದುರು ಹಂಗಿಸುವುದೂ ತಪ್ಪು. ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಗಮನಿಸಿ, ಈ ಕಾಯ್ದೆಯಲ್ಲಿ ಜೈಲಿನ ಮಾತಿಲ್ಲ. ಅದು ಇರುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ. ಮಗುವನ್ನು ನೋಡಿಕೊಳ್ಳಬೇಕಾದವರೇ ಕ್ರೌರ್ಯ ಮಾಡಿದರೆ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ, ಮಗುವಿನ ಹೊಣೆ ಹೊತ್ತ ಸಂಸ್ಥೆಯವರಾದರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಕೋರ್ಟಿಗೆ ಹೋದರೆ ದಾರಿ ಇಷ್ಟು ನೇರ ಇಲ್ಲ. ಒಳ್ಳೆ ಉದ್ದೇಶದಿಂದ ಮಿತವಾಗಿ ಕೊಟ್ಟ ಏಟು ಅಪರಾಧ ಅಲ್ಲ ಅನ್ನುವ ತೀರ್ಪುಗಳು ಕೇರಳ ಹೈಕೋರ್ಟಿನಿಂದ ಬಂದಿವೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮೊದಲ ದಿನವೇ ಜೈಲಿಗೆ ಹಾಕಿಸ್ತೀನಿ ಅಂತ ಹೊರಟರೆ ಕಾಲು ಜಾರುವುದು ಎಲ್ಲಿ ಅಂತ ಗೊತ್ತಿರಲಿ.

ಇನ್ನು ಕ್ಯಾಮೆರಾ. 2014ರ ಜುಲೈನಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ಆಯಿತು. ತಂದೆ ತಾಯಂದಿರು ಸಾವಿರಗಟ್ಟಲೆ ಬೀದಿಗೆ ಇಳಿದರು. ಶಾಲೆಗಳಿಗೆ ಸುರಕ್ಷತೆಯ ಸೂಚನೆಗಳು ಬಂದದ್ದು ಆ ಬಿಸಿಯಲ್ಲೇ. ಸಿಸಿಟಿವಿ ಹಾಕಿ, ಸಿಬ್ಬಂದಿಯ ಹಿನ್ನೆಲೆ ಪೊಲೀಸರಿಂದ ಪರಿಶೀಲನೆ ಮಾಡಿಸಿ, ಶಾಲಾ ಬಸ್ಸಿನಲ್ಲಿ ಒಬ್ಬ ಹೆಂಗಸು ಇರಲಿ ಅಂತ. ಅವು ಬೇಕಾದವೇ. ಆದರೆ ಅವೆಲ್ಲ ಕಳ್ಳ ಹೊರಗಿನಿಂದ ಬರುತ್ತಾನೆ, ಇಲ್ಲವೇ ಮೂಲೆಯಲ್ಲಿ ಅಡಗಿರುತ್ತಾನೆ ಅನ್ನುವ ಲೆಕ್ಕದವು. ನಿಮ್ಮ ಮಗನಿಗೆ ಏಟು ಬಿದ್ದದ್ದು ಹಾಡುಹಗಲಲ್ಲಿ, ಇಡೀ ಕ್ಲಾಸಿನ ಎದುರಿಗೆ. ಎಲ್ಲರೂ ನೋಡಿದ್ದನ್ನು ಕ್ಯಾಮೆರಾವೂ ನೋಡಿದರೆ ಏನು ಹೊಸದು?

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪೆಟ್ಟಿಗೆ. ಕೆಲವು ವರ್ಷದ ಹಿಂದೆ ಲೇಖನಕ್ಕಾಗಿ ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಆಫೀಸ್ ರೂಮಿನ ಬಾಗಿಲ ಪಕ್ಕದಲ್ಲೇ ಹಳದಿ ಬಣ್ಣದ ತಗಡಿನ ಪೆಟ್ಟಿಗೆ. ಬೀಗದ ಕೈ ಎಲ್ಲಿ ಅಂದೆ. ಹೆಡ್‌ಮಾಸ್ಟರು ನಗುತ್ತಾ ಜೇಬಿನಿಂದ ಗೊಂಚಲು ತೆಗೆದರು. ಬೀರು, ಅಕ್ಕಿ ಕೋಣೆ, ಪೆಟ್ಟಿಗೆ, ಎಲ್ಲ ಕೈಗಳೂ ಅದರಲ್ಲೇ. ನನ್ನೆದುರೇ ತೆರೆದರು. ಒಳಗೆ ಒಂದು ಚಾಕೊಲೇಟ್ ಸಿಪ್ಪೆ, ನಾಲ್ಕು ಚೀಟಿ. 'ಹುಡುಗಿಯರ ಟಾಯ್ಲೆಟ್‌ಗೆ ಚಿಲಕ ಇಲ್ಲ.' 'ಆಟದ ಪಿರಿಯಡ್ಡನ್ನು ಗಣಿತದವರು ತಗೊಳ್ತಾರೆ.' ಮೂರನೆಯದು ಬರೀ ಚಿತ್ರ. ನಾಲ್ಕನೆಯದರಲ್ಲಿ, 'ಸಾರ್ ಕಿವಿ ಹಿಂಡಬೇಡಿ ನೋವಾಗತ್ತೆ.' ಹೆಸರಿಲ್ಲ. ಹೆಡ್‌ಮಾಸ್ಟರು ಚೀಟಿಯನ್ನು ಬೆಳಕಿಗೆ ಹಿಡಿದು, "ಇದು ಆರನೇ ಕ್ಲಾಸಿನ ಆ ಹುಡುಗಿಯದ್ದೇ. ಅವಳ 'ಡ' ನೋಡಿದರೆ ಸಾಕು, ಗೊತ್ತಾಗಿಬಿಡತ್ತೆ" ಅಂದರು. ಖುಷಿಯಿಂದಲೇ ಅಂದರು. ಒಳ್ಳೆಯ ಮೇಷ್ಟ್ರು ಅವರು, ಮಕ್ಕಳ ಅಕ್ಷರ ಅಷ್ಟು ಬಲ್ಲವರು. ಆ ಹುಡುಗಿ ಮಾತ್ರ ಪೆಟ್ಟಿಗೆಯನ್ನು ನಂಬಿ ಕೆಟ್ಟಳು.

ಮಕ್ಕಳಿಗಾಗಿ ಸರ್ಕಾರ ಮಾಡಿರುವ ವ್ಯವಸ್ಥೆ ಕಡಿಮೆಯೇನಲ್ಲ. ನನ್ನ ತಕರಾರು ಬೀಗದ ಕೈಯದ್ದು. ಎಲ್ಲ ದಾರಿಯೂ ಸುತ್ತಿ ಬಳಸಿ ಹೆಡ್‌ಮಾಸ್ಟರ ಜೇಬಿಗೇ ಹೋಗುತ್ತದೆ. ಪೋಕ್ಸೋ ಕಾಯ್ದೆ ಮಾಡಿದವರಿಗೆ ಇದು ಹೊಳೆದಿತ್ತು. 2012ರ ಆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ ಶಿಕ್ಷೆ ಇದೆ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳುವ ಹೊರೆ ಮಗುವಿನ ತಲೆಯಿಂದ ದೊಡ್ಡವರ ತಲೆಗೆ ಬಂತು. ಏಟಿನ ವಿಷಯದಲ್ಲಿ ಅಷ್ಟು ಬಿಗಿ ಇಲ್ಲ. ಅಲ್ಲಿ ಈಗಲೂ ಹೇಳಬೇಕಾದ್ದು ಏಟು ತಿಂದವನೇ.

ಇದು ನಿಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮೂರು ಮಕ್ಕಳಲ್ಲಿ ಇಬ್ಬರು ಏಟು ತಿಂದಿದ್ದೇವೆ ಅಂದಿದ್ದರು. ಅಧ್ಯಯನ ನಡೆದ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದಕ್ಕೆ ಎದೆ ಉಬ್ಬಿಸಬೇಕಾಗಿಯೂ ಇಲ್ಲ.

ಮೇಷ್ಟ್ರ ಪರವಾಗಿ ಒಂದು ಮಾತು. ಎರಡು ಕ್ಲಾಸು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮೊಟ್ಟೆ ಎಣಿಸಿ, ಆನ್‌ಲೈನಿನಲ್ಲಿ ಮಾಹಿತಿ ತುಂಬಿ ಸುಸ್ತಾದವರ ಕೈಗೆ ಸ್ಕೇಲ್ ಬೇಗ ಬರುತ್ತದೆ. ಬೆತ್ತ ಕಿತ್ತುಕೊಂಡ ಇಲಾಖೆ, ಬೆತ್ತ ಇಲ್ಲದೆ ಕ್ಲಾಸು ಹಿಡಿಯುವುದು ಹೇಗೆ ಅಂತ ಅವರಿಗೆ ಎಷ್ಟು ಹೇಳಿಕೊಟ್ಟಿದೆ? ಹಾಗಂತ ನಿಮ್ಮ ಮಗನ ಬೆರಳು ಅದಕ್ಕೆ ಬೆಲೆ ತೆರಬೇಕಿಲ್ಲ.

ಈಗ ನಿಮ್ಮ ಪ್ರಶ್ನೆ, ಏನು ಮಾಡಲಿ ಅಂತ. ಮೊದಲು ಮಗನನ್ನು ಕೇಳಿ. ಅವನಿಗೆ ಹೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ, ನಾಳೆ ಆ ಬೆಂಚಿನಲ್ಲಿ ಕೂರುವವನು ಅವನು. ಬೆರಳಿನ ಫೋಟೊ ತೆಗೆಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಿ. ಹೆಡ್‌ಮಾಸ್ಟರಿಗೆ ಬಾಯಿಮಾತು ಸಾಕು, ಇನ್ನು ಬರೆದು ಕೊಡಿ, ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಆ ಸೀಲಿಗೆ ಇರುವ ಬೆಲೆ ಕಣ್ಣೀರಿಗೆ ಇಲ್ಲ, ಕಹಿ ಆದರೂ ನಿಜ.

ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅವರು ಸಹಿ ಹಾಕಲು ಮಾತ್ರ ಬರುವವರಾಗಿದ್ದರೂ ನೀವು ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗಿ ಕೂತರೆ ಸಭೆಯ ಬಣ್ಣವೇ ಬೇರೆ. ಮಗನಿಗೇ ತೊಂದರೆ ಅನ್ನುವ ಭಯಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ. ಒಬ್ಬರ ಮಗನನ್ನು ಗುರಿ ಮಾಡಬಹುದು, ನಾಲ್ವರ ಮಕ್ಕಳನ್ನು ಮಾಡುವುದು ಕಷ್ಟ. ಅಲ್ಲಿ ಮೇಷ್ಟ್ರ ವರ್ಗಾವಣೆ ಕೇಳಬೇಡಿ, ಅವರು ಸ್ಕೇಲನ್ನೂ ಜೊತೆಗೇ ಒಯ್ಯುತ್ತಾರೆ. ಇನ್ನು ಹೊಡೆಯುವುದಿಲ್ಲ ಅಂತ ನಡಾವಳಿಯಲ್ಲಿ ಬರೆಸಿ. ಜೊತೆಗೆ, ಪೆಟ್ಟಿಗೆಯ ಬೀಗದ ಕೈ ಶಾಲೆಯ ಸಿಬ್ಬಂದಿ ಅಲ್ಲದ ಒಬ್ಬರ ಹತ್ತಿರ ಇರಲಿ ಅಂತಲೂ. ಸಮಿತಿಯ ಒಬ್ಬ ತಾಯಿಯಾದರೂ ಆದೀತು.

ಅಲ್ಲೂ ಆಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಅದರಾಚೆ ಬೆಂಗಳೂರಿನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ಶಿಕ್ಷಣ ಹಕ್ಕು ಕಾಯ್ದೆಯ ಮೇಲೆ ಕಣ್ಣಿಡುವುದು ಅದರ ಕೆಲಸವೇ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಆ ನಂಬರ್ ಮಗನಿಗೂ ಬಾಯಿಪಾಠ ಮಾಡಿಸಿ.

ದೂರಿನ ಒಂದು ಪ್ರತಿ ನಮಗೂ ಕಳಿಸಿ, ಹೆಸರು ಅಳಿಸಿಯೇ ಇಟ್ಟುಕೊಳ್ಳುತ್ತೇವೆ. ಬೆರಳು ಈಗ ಪೂರ್ತಿ ಮಡಚಲು ಬರುತ್ತಾ ಅನ್ನುವುದನ್ನು ನೀವು ಬರೆದಿಲ್ಲ. ಅದನ್ನು ಮೊದಲು ತಿಳಿಸಿ.

— ಸಂ.